ಶಾಸನದ ಫೋಟೊಗಳಿಗೆ ದತ್ತಿ ಬಿಡುವವರು ಯಾರು? ಒಂದು ಕ್ಲೌಡ್ ಬಿಲ್ಲಿನ ಲೆಕ್ಕ

ನಮ್ಮ ಕರಾವಳಿಯ ದಾನಶಾಸನಗಳನ್ನು ಓದಿದವರಿಗೆ ಒಂದು ವಿಷಯ ಗೊತ್ತೇ ಉಂಟು. ದೇವರ ಸ್ತುತಿ, ಅರಸನ ಹೆಸರು, ತಿಥಿವಾರ ಮುಗಿದ ಕೂಡಲೇ ಲೆಕ್ಕ ಶುರುವಾಗುತ್ತದೆ. ಅಮೃತಪಡಿಗೆ ಎಷ್ಟು ಅಕ್ಕಿ, ನಂದಾದೀಪಕ್ಕೆ ಎಷ್ಟು ಎಣ್ಣೆ, ಅದು ಯಾವ ಗದ್ದೆಯಿಂದ ಬರಬೇಕು, ಆ ಗದ್ದೆಯ ಮೂಡು ಗಡಿ ಯಾವುದು, ಅಕ್ಕಿ ಅಳೆಯುವ ಹಾನೆ ಯಾವುದು, ಇವೆಲ್ಲ ಸಾಲುಸಾಲಾಗಿ ಬರುತ್ತವೆ. ಸಾಹಿತ್ಯ ಹುಡುಕಿಕೊಂಡು ಹೋದವರಿಗೆ ಬೇಜಾರು ಆಗಬಹುದು. ಆದರೆ ಶಾಸನ ಹಾಕಿಸಿದ್ದೇ ಆ ಲೆಕ್ಕಕ್ಕಾಗಿ. ದೀಪ ಹಚ್ಚುವುದು ಒಂದು ದಿನದ ಕೆಲಸ, ಎಣ್ಣೆ ಹಾಕುವುದು ದಿನಾ ಇರುವ ಕೆಲಸ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಶಾಸನಗಳ ಫೋಟೊ ತೆಗೆದು ಕ್ಲೌಡಿಗೆ ಹಾಕಿದ ನಮಗೆ ಮಾತ್ರ ಇದು ಹೊಳೆಯಲೇ ಇಲ್ಲ.

ನಾನು ವೃತ್ತಿಯಿಂದ ಇಂಜಿನಿಯರ್. ಮಣಿಪಾಲದಲ್ಲಿ ಕೆಲಸ, ರಜಾ ದಿನಗಳಲ್ಲಿ ಶಾಸನದ ಹುಚ್ಚು. ಗುರುಗಳ ಬಳಿ ಕೂತು ಕಲಿತವನಲ್ಲ. ಪಿ. ಗುರುರಾಜ ಭಟ್ಟರ ಪುಸ್ತಕ, ಕೆ. ವಿ. ರಮೇಶರ ದಕ್ಷಿಣ ಕನ್ನಡದ ಇತಿಹಾಸ, 'ದಕ್ಷಿಣ ಭಾರತ ಶಾಸನಗಳು' ಏಳನೇ ಸಂಪುಟ ಇವನ್ನು ಹಿಡಿದುಕೊಂಡು ಕಲ್ಲಿನ ಮುಂದೆ ಕೂತು, ತಪ್ಪು ಓದಿ, ತಿದ್ದಿಸಿಕೊಂಡು ಕಲಿತವನು. ಉದ್ಯಾವರ, ಬಾರಕೂರು, ಕಾಪು, ಕಾರ್ಕಳ, ಹಿರಿಯಂಗಡಿ ಹೀಗೆ ನಾಲ್ಕು ಜನ ಗೆಳೆಯರು ಸೇರಿ ಎಂಟು ವರ್ಷ ಸುತ್ತಿದ್ದೇವೆ. ಸುಮಾರು 300 ಕಲ್ಲುಗಳ ಚಿತ್ರ ನಮ್ಮಲ್ಲಿ ಉಂಟು. ಕಳೆದ ವರ್ಷದ ಒಂದು ತಿಂಗಳು ಆ ಚಿತ್ರಗಳ ಬಿಲ್ಲು ಹತ್ತು ಸಾವಿರ ದಾಟಿತು. ಕಾರ್ಡು ನನ್ನದು. ಮನೆಯಲ್ಲಿ ಕೇಳಿದ ಪ್ರಶ್ನೆ ಇದು: "ಕಲ್ಲು ಅಲ್ಲೇ ಬಿದ್ದುಕೊಂಡು ಉಂಟಲ್ಲ, ಫೋಟೊಕ್ಕೆ ಎಂತಕ್ಕೆ ತಿಂಗಳ ಬಾಡಿಗೆ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದದ್ದೇ ಈ ಬರಹ. ಈಗ ಬಹಳ ಮಂದಿ ಶಾಸನಾಸಕ್ತರು ಮೊಬೈಲಿನಲ್ಲೋ ಕ್ಯಾಮೆರಾದಲ್ಲೋ ಚಿತ್ರ ತೆಗೆದು ಎಲ್ಲಾದರೂ ಏರಿಸುತ್ತಿದ್ದೀರಿ. ನಾನು ಮಾಡಿದ ತಪ್ಪು ನಿಮಗೆ ಆಗುವುದು ಬೇಡ.

ಒಂದು ಕಲ್ಲು, 168 ಫೋಟೊ

ಮೊದಲು ಒಂದು ಕಲ್ಲಿನಿಂದ ಎಷ್ಟು ಫೈಲು ಹುಟ್ಟುತ್ತದೆ ನೋಡೋಣ. ಹಿಂದೆ ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮಸಿ ತಟ್ಟಿ ಒಂದು ಪಡಿಯಚ್ಚು ತೆಗೆದರೆ ಮುಗಿಯಿತು. ಈಗ ನಾವು ಎರಡು ಬಗೆಯಲ್ಲಿ ಚಿತ್ರ ತೆಗೆಯುತ್ತೇವೆ.

ಒಂದು, ತ್ರಿ-ಡಿ ಮಾದರಿಗೆ. ಕಲ್ಲಿನ ಸುತ್ತ ನಡೆಯುತ್ತಾ ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಸುಮಾರು 120 ಫೋಟೊ. ಇನ್ನೊಂದು, ಓರೆಬೆಳಕಿನ ಸೆಟ್ಟು. ಕ್ಯಾಮೆರಾ ಟ್ರೈಪಾಡಿನ ಮೇಲೆ ಅಲ್ಲಾಡದೆ ನಿಂತಿರಬೇಕು, ಬೆಳಕು ಮಾತ್ರ ಒಂದೊಂದು ದಿಕ್ಕಿನಿಂದ ಬೀಳಬೇಕು. ನಾವು 48 ಕಡೆಯಿಂದ ಬೆಳಕು ಹಾಕುತ್ತೇವೆ. ಇದಕ್ಕೆ ಆರ್‌ಟಿಐ ಎನ್ನುತ್ತಾರೆ. ಮಾಹಿತಿ ಹಕ್ಕಿನದ್ದಲ್ಲ, ಚಿತ್ರ ತೆಗೆಯುವ ವಿಧಾನದ ಹೆಸರು. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಝ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದ ತಂತ್ರದಿಂದ ಬೆಳೆದು ಬಂದದ್ದು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಬೆಳಕನ್ನು ಬೇಕಾದ ಕಡೆ ಸರಿಸಿದರೆ, ಸವೆದ ಅಕ್ಷರದ ಅಂಚು ನೆರಳಾಗಿ ಮೇಲೇಳುತ್ತದೆ.

ಒಟ್ಟು 168 ಫೋಟೊ. ಕ್ಯಾಮೆರಾದ ಮೂಲ ಫೈಲು, ಅಂದರೆ ರಾ ಫೈಲು, ಒಂದಕ್ಕೆ 25 ಎಂಬಿ. ಒಂದು ಕಲ್ಲಿಗೆ 4.2 ಜಿಬಿ ಆಯಿತು. ಅದನ್ನು ಸಂಸ್ಕರಿಸುವಾಗ ಸಾಫ್ಟ್‌ವೇರ್ ಹುಟ್ಟಿಸುವ ನಡುವಿನ ಫೈಲುಗಳು, ಕೊನೆಗೆ ಸಿಗುವ ಮಾದರಿ, ಜಾಲತಾಣಕ್ಕೆ ಬೇಕಾದ ಚಿಕ್ಕ ಪ್ರತಿಗಳು ಎಲ್ಲ ಸೇರಿದರೆ ಆರೂವರೆ ಜಿಬಿ ಆಸುಪಾಸು. 300 ಕಲ್ಲಿಗೆ ಹತ್ತಿರ ಹತ್ತಿರ 2000 ಜಿಬಿ.

ಇದರ ಪಕ್ಕದಲ್ಲಿ ಶಾಸನದ ಪಾಠವನ್ನು ಇಟ್ಟು ನೋಡಿ. ಯುನಿಕೋಡಿನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು ಬೇಕು. ಗುಣಿತಾಕ್ಷರಕ್ಕೆ ಸರಾಸರಿ 6 ಬೈಟು ಹಿಡಿದರೂ, ಸಾಲಿಗೆ 30 ಅಕ್ಷರದಂತೆ 40 ಸಾಲಿನ ಶಾಸನ 7 ಕೆಬಿ ಚಿಲ್ಲರೆ. 300 ಶಾಸನಗಳ ಪೂರ್ತಿ ಪಾಠ ಸೇರಿದರೆ ಎರಡು ಎಂಬಿ ಚಿಲ್ಲರೆ, ಒಂದು ಫೋಟೊದ ಹತ್ತನೇ ಒಂದು ಭಾಗಕ್ಕೂ ಕಮ್ಮಿ! ಹಾಗಾದರೆ ಪಾಠ ಮಾತ್ರ ಇಟ್ಟುಕೊಂಡು ಚಿತ್ರ ಬಿಸಾಡಬಹುದಲ್ಲ? ಆಗುವುದಿಲ್ಲ. ಪಾಠ ಎಂದರೆ ಒಬ್ಬರು ಓದಿದ್ದು. ಓದಿದ್ದು ತಪ್ಪಿದ್ದರೆ ತಿದ್ದಲು ಕಲ್ಲಿಗೇ ಹೋಗಬೇಕು, ಕಲ್ಲು ಇಲ್ಲದಿದ್ದರೆ ಚಿತ್ರಕ್ಕೆ.

ಬಿಲ್ಲಿನಲ್ಲಿ ಏನೇನಿತ್ತು

ಕ್ಲೌಡ್ ಎಂದರೆ ಮೋಡದಲ್ಲಿ ಏನೂ ಇಲ್ಲ ಮಾರಾಯ್ರೆ. ಎಲ್ಲೋ ಒಂದು ದೊಡ್ಡ ಕಟ್ಟಡ, ಅದರೊಳಗೆ ಸಾವಿರಾರು ಡಿಸ್ಕು, ಕರೆಂಟು, ಏಸಿ, ಕಾವಲು. ಅದರಲ್ಲಿ ನಾವು ಜಾಗ ಬಾಡಿಗೆಗೆ ಹಿಡಿಯುತ್ತೇವೆ. ದರಗಳು ದೊಡ್ಡ ಕಂಪನಿಗಳಲ್ಲಿ ಹತ್ತಿರ ಹತ್ತಿರ ಒಂದೇ. ಲೆಕ್ಕ ಸುಲಭವಾಗಲೆಂದು ಇಲ್ಲಿ ಅಮೆಜಾನಿನ ಎಸ್-3 ಸೇವೆಯ ವರ್ಜೀನಿಯಾ ಕೇಂದ್ರದ ಪ್ರಕಟಿತ ದರಗಳನ್ನು ಇಟ್ಟುಕೊಂಡಿದ್ದೇನೆ. ಮುಂಬೈ ಕೇಂದ್ರದಲ್ಲಿ ಸ್ವಲ್ಪ ಹೆಚ್ಚು. ಡಾಲರಿಗೆ 85 ರೂಪಾಯಿ ಹಿಡಿದಿದ್ದೇನೆ, ತೆರಿಗೆ ಬಿಟ್ಟಿದ್ದೇನೆ.

ನಮ್ಮ ತಿಂಗಳ ಖರ್ಚು ಹೀಗೆ ಒಡೆಯಿತು:

- ಫೈಲುಗಳು: ನಮಗೆ ಕಾಣುತ್ತಿದ್ದದ್ದು 2000 ಜಿಬಿ, ಬಿಲ್ಲಾಗುತ್ತಿದ್ದದ್ದು 2600 ಜಿಬಿ. ಜಿಬಿಗೆ 2.3 ಸೆಂಟಿನಂತೆ 59.8 ಡಾಲರ್.
- ಶಾಸನ ತೋರಿಸುವ ಜಾಲತಾಣಕ್ಕೆ ಹಗಲೂ ರಾತ್ರಿ ಓಡುವ ಒಂದು ಯಂತ್ರ: ಸುಮಾರು 30.4 ಡಾಲರ್.
- ಆ ಯಂತ್ರಕ್ಕೆ ಹಚ್ಚಿದ 200 ಜಿಬಿ ಡಿಸ್ಕು: 20 ಡಾಲರ್.
- ಜನ ನೋಡಿದ, ಇಳಿಸಿಕೊಂಡ ಚಿತ್ರಗಳು 300 ಜಿಬಿ. ಮೊದಲ 100 ಜಿಬಿ ಉಚಿತ, ಉಳಿದದ್ದಕ್ಕೆ 9 ಸೆಂಟಿನಂತೆ 18 ಡಾಲರ್.

ಒಟ್ಟು 128.2 ಡಾಲರ್, ಸುಮಾರು 10,900 ರೂಪಾಯಿ.

ಕಾಣದ 600 ಜಿಬಿ ಎಲ್ಲಿಂದ ಬಂತು? ಎರಡು ಕಡೆಯಿಂದ. 'ಹಳೆಯ ಆವೃತ್ತಿ ಉಳಿಸು' ಎಂಬ ಸೌಲಭ್ಯ ಹಾಕಿಟ್ಟಿದ್ದೆವು. ಒಂದು ತ್ರಿ-ಡಿ ಮಾದರಿಯನ್ನು ತಿದ್ದಿ ನಾಲ್ಕು ಸಲ ಏರಿಸಿದರೆ ನಾಲ್ಕೂ ಅಲ್ಲೇ ಉಳಿಯುತ್ತವೆ, ನಾಲ್ಕಕ್ಕೂ ಬಾಡಿಗೆ. ಇನ್ನೊಂದು, ಅರ್ಧಕ್ಕೆ ನಿಂತ ಅಪ್‌ಲೋಡುಗಳು. ದೊಡ್ಡ ಫೈಲು ತುಂಡುತುಂಡಾಗಿ ಏರುತ್ತದೆ. ಆಷಾಢದ ಮಳೆಗೆ ಕರೆಂಟು ಹೋಗಿ ನಡುವೆ ನಿಂತರೆ ಏರಿದ ತುಂಡುಗಳು ಪಟ್ಟಿಯಲ್ಲಿ ಕಾಣದಿದ್ದರೂ ಬಿಲ್ಲಿನಲ್ಲಿ ಕಾಣುತ್ತವೆ. 'ಏಳು ದಿನದೊಳಗೆ ಮುಗಿಯದ ಅಪ್‌ಲೋಡು ಅಳಿಸು' ಎಂದು ಒಂದು ನಿಯಮ ಬರೆದರೆ ಇದು ಮುಗಿಯುತ್ತದೆ. ಎಂಟು ವರ್ಷ ಅದನ್ನು ಬರೆದಿರಲಿಲ್ಲ.

ಹೆದರಿ ಅಳಿಸಿದ್ದು

ಬಿಲ್ಲು ನೋಡಿದ ಸಂಜೆಯೇ ಕತ್ತರಿ ಹಿಡಿದು ಕೂತೆ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಓರೆಬೆಳಕಿನ ಸೆಟ್ಟುಗಳು. ಒಂದೇ ಕಲ್ಲು, ಒಂದೇ ಕೋನ, 48 ಫೋಟೊ. ಚಿಕ್ಕದಾಗಿ ನೋಡಿದರೆ ಎಲ್ಲ ಒಂದೇ ತರ. "ಒಂದು ಚೆನ್ನಾಗಿರುವುದು ಇಟ್ಟುಕೊಂಡರೆ ಸಾಕು" ಎಂದು ಇಪ್ಪತ್ತು ಕಲ್ಲುಗಳ ಸೆಟ್ಟು ಅಳಿಸಿದೆ. ಹಳೆಯ ಆವೃತ್ತಿಗಳನ್ನೂ ಅದೇ ಸಂಜೆ ಗುಡಿಸಿ ಹಾಕಿದೆ. ಹಾಗಾಗಿ ವಾಪಸ್ ಬರುವ ದಾರಿಯೂ ಮುಚ್ಚಿತು.

ಎರಡು ತಿಂಗಳ ನಂತರ ಗೆಳೆಯರೊಬ್ಬರು ಕಾರ್ಕಳ ತಾಲ್ಲೂಕಿನ ಒಂದು ಶಾಸನದ ಕಾಲದ ಬಗ್ಗೆ ಕೇಳಿದರು. ಊರಿನ ಹೆಸರು ಇಲ್ಲಿ ಬೇಡ. ಶಕವರ್ಷದ ಹತ್ತರ ಸ್ಥಾನದ ಅಂಕೆ ೬ ಅಂತಲೂ ಓದಬಹುದು, ೯ ಅಂತಲೂ ಓದಬಹುದು. ನಾವು ಹಿಂದೆ ೯ ಎಂದು ಓದಿದ್ದೆವು. ತೀರ್ಮಾನ ಆಗಬೇಕಾದರೆ ಸಂವತ್ಸರದ ಹೆಸರು ಬೇಕು. ಅದು ಕೆಳಗಿನ ಸಾಲಿನಲ್ಲಿ, ಕಲ್ಲಿನ ಚಕ್ಕೆ ಎದ್ದ ಅಂಚಿನಲ್ಲಿತ್ತು. ಉಳಿಸಿಕೊಂಡಿದ್ದ 'ಚೆನ್ನಾಗಿರುವ' ಒಂದು ಚಿತ್ರದಲ್ಲಿ ಅಲ್ಲಿ ಬರೀ ಬೂದು ಬಣ್ಣ.

ಹೋಗಿ ನೋಡಿ ಬರೋಣ ಎಂದು ಹೊರಟೆವು. ದೇವಸ್ಥಾನ ಜೀರ್ಣೋದ್ಧಾರವಾಗಿ ಬ್ರಹ್ಮಕಲಶವೂ ಮುಗಿದಿತ್ತು. ಕಲ್ಲನ್ನು ಬಿಸಾಡಿರಲಿಲ್ಲ, ಪ್ರೀತಿಯಿಂದಲೇ ಗೋಡೆಗೆ ಕೂರಿಸಿದ್ದರು. ಆದರೆ ಕೆಳಗಿನ ಅರ್ಧ ಸಿಮೆಂಟಿನೊಳಗೆ, ಮೇಲಿನ ಅರ್ಧಕ್ಕೆ ಬಣ್ಣ. ಅಲ್ಲಿ ಯಾರನ್ನೂ ದೂರುವಂತಿರಲಿಲ್ಲ. ಅವರು ಕಲ್ಲು ಉಳಿಸಿದ್ದೇವೆ ಎಂದು ಸಂತೋಷದಲ್ಲಿದ್ದರು. ಆ ಸಾಲಿಗೆ ಜಗತ್ತಿನಲ್ಲಿ ಇದ್ದ ಒಂದೇ ಪ್ರತಿಯನ್ನು ಅಳಿಸಿದವನು ನಾನು.

ಪುಣ್ಯಕ್ಕೆ ಕಾಪುವಿನ ಗೆಳೆಯರ ಮನೆಯಲ್ಲಿ ಒಂದು ಹಳೆಯ ಹಾರ್ಡ್ ಡಿಸ್ಕು ಇತ್ತು. ಸಮುದ್ರದ ಗಾಳಿಗೆ ತುಕ್ಕು ಹಿಡಿದು, ಓದುವಾಗ ಕಟಕಟ ಶಬ್ದ ಮಾಡುತ್ತಿತ್ತು. ಉಳಿದ ಕಲ್ಲುಗಳ ಸೆಟ್ಟು ಪೂರ್ತಿ ಸಿಕ್ಕಿತು. ಈ ಕಲ್ಲಿನ 48ರಲ್ಲಿ 31 ಸಿಕ್ಕಿತು, 17 ಹೋಯಿತು. ಸಿಕ್ಕಿದ್ದರಲ್ಲಿ ಎಡಗಡೆ ಕೆಳಗಿನಿಂದ ಬೆಳಕು ಬಿದ್ದ ಎರಡು ಚಿತ್ರದಲ್ಲಿ ಸಂವತ್ಸರದ ಎರಡಕ್ಷರ ಎದ್ದು ಬಂತು. ಅಂಕೆ ೬ ಎಂದು ನಿಶ್ಚಯವಾಯಿತು. ಶಾಸನ ನಾವು ಅಂದುಕೊಂಡದ್ದಕ್ಕಿಂತ 30 ವರ್ಷ ಹಳೆಯದು.

ಖರ್ಚು ಇಳಿಸುವುದಕ್ಕೂ ಕಂಡದ್ದನ್ನು ಕತ್ತರಿಸುವುದಕ್ಕೂ ವ್ಯತ್ಯಾಸ ಉಂಟು ಎಂದು ಆ ದಿನ ಗೊತ್ತಾಯಿತು. ಆಮೇಲೆ ಸಾವಧಾನವಾಗಿ ಕೂತು ಲೆಕ್ಕ ಹಾಕಿದೆ.

ಹಿಂದಿನವರು ಎಲ್ಲಿ ಏನು ಬರೆದರು

ದಿನದ ಲೆಕ್ಕಪತ್ರಕ್ಕೆ ಹಿಂದೆ ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಇವತ್ತು ಸರಕಾರಿ ಕಚೇರಿಯ ಫೈಲಿಗೆ ಕಡತ ಎನ್ನುವುದು ಆ ಹೆಸರಿನಿಂದಲೇ. ಗ್ರಂಥಗಳಿಗೆ ಓಲೆಗರಿ. ಅದು ಹಾಳಾಗುವ ಮೊದಲು ಮುಂದಿನ ತಲೆಮಾರು ಪ್ರತಿ ಮಾಡಬೇಕು. ದಾನದ ಹಕ್ಕುಪತ್ರಕ್ಕೆ ತಾಮ್ರಪಟ. ಪೆಟ್ಟಿಗೆಯಲ್ಲಿ ಭದ್ರವಾಗಿ ಇರುತ್ತದೆ, ವ್ಯಾಜ್ಯ ಬಂದಾಗ ಮಾತ್ರ ಹೊರಗೆ ಬರುತ್ತದೆ. ಊರಿಗೆಲ್ಲ ಗೊತ್ತಾಗಬೇಕಾದದ್ದಕ್ಕೆ ಕಲ್ಲು.

ಎಲ್ಲವನ್ನೂ ಕಲ್ಲಿನ ಮೇಲೆ ಕೊರೆಯಲು ಯಾರೂ ಹೋಗಲಿಲ್ಲ. ಎಷ್ಟು ಸಲ ತೆಗೆದು ನೋಡಬೇಕು, ಹೋದರೆ ಮತ್ತೆ ಮಾಡಲು ಆಗುತ್ತದೆಯೇ, ಈ ಎರಡು ಪ್ರಶ್ನೆಯ ಮೇಲೆ ಮಾಧ್ಯಮ ಆರಿಸಿದರು. ಕ್ಲೌಡಿನಲ್ಲಿ ಸಂಗ್ರಹದ ದರ್ಜೆಗಳು ನಿಂತಿರುವುದೂ ಇದೇ ಎರಡು ಪ್ರಶ್ನೆಯ ಮೇಲೆ. ನಾವು ಮಾತ್ರ 2600 ಜಿಬಿಯನ್ನೂ ಅತಿ ದುಬಾರಿ ದರ್ಜೆಯಲ್ಲಿ ಇಟ್ಟಿದ್ದೆವು. ವರ್ಷಕ್ಕೆ ಬೇಕಾದ ಅಕ್ಕಿಮುಡಿಗಳನ್ನೆಲ್ಲ ಅಟ್ಟಕ್ಕೆ ಏರಿಸದೆ ಒಲೆಯ ಪಕ್ಕದಲ್ಲೇ ಪೇರಿಸಿದ ಹಾಗೆ.

ದರ್ಜೆಗಳು ಸ್ಥೂಲವಾಗಿ ಹೀಗಿವೆ, ಜಿಬಿಗೆ ತಿಂಗಳ ದರ:

- ಸ್ಟ್ಯಾಂಡರ್ಡ್: 2.3 ಸೆಂಟು. ಕೈಗೆ ಕೂಡಲೇ ಸಿಗುತ್ತದೆ, ತೆಗೆದದ್ದಕ್ಕೆ ಬೇರೆ ದರ ಇಲ್ಲ.
- ಅಪರೂಪಕ್ಕೆ ಬಳಸುವ ದರ್ಜೆ: 1.25 ಸೆಂಟು. ಕೂಡಲೇ ಸಿಗುತ್ತದೆ, ತೆಗೆಯುವಾಗ ಜಿಬಿಗೆ ಒಂದು ಸೆಂಟು. ಕನಿಷ್ಠ 30 ದಿನದ ಬಾಡಿಗೆ.
- ಗ್ಲೇಸಿಯರ್ ದರ್ಜೆಗಳು: 0.4 ಸೆಂಟು ಆಸುಪಾಸು. ಕನಿಷ್ಠ 90 ದಿನ.
- ಡೀಪ್ ಆರ್ಕೈವ್: 0.099 ಸೆಂಟು. ಕನಿಷ್ಠ 180 ದಿನ. ಬೇಕು ಎಂದು ಕೇಳಿದ ಮೇಲೆ 12 ಗಂಟೆ, ಕಮ್ಮಿ ದರದಲ್ಲಿ ಬೇಕಾದರೆ 48 ಗಂಟೆ ಕಾಯಬೇಕು.

ಗೂಗಲ್, ಮೈಕ್ರೋಸಾಫ್ಟ್ ಕಂಪನಿಗಳಲ್ಲೂ ಇಂಥದ್ದೇ ಮೆಟ್ಟಿಲುಗಳಿವೆ. ಮೇಲಿನದಕ್ಕೂ ಕೆಳಗಿನದಕ್ಕೂ ಇಪ್ಪತ್ತಮೂರು ಪಟ್ಟು ಅಂತರ. ಒಂದು ಶಾಸನದ ರಾ ಫೈಲನ್ನು ನಾವು ಎಷ್ಟು ಸಲ ತೆಗೆಯುತ್ತೇವೆ? ಮೇಲೆ ಹೇಳಿದಂಥ ಸಂದೇಹ ಬಂದಾಗ, ಹತ್ತು ವರ್ಷಕ್ಕೆ ಒಮ್ಮೆಯೋ ಎರಡು ಸಲವೋ. ಎರಡು ದಿನ ಕಾದರೆ ನಷ್ಟ ಏನೂ ಇಲ್ಲ. ಆರುನೂರು ವರ್ಷ ಕಾದ ಕಲ್ಲು ಅದು.

ವಿಂಗಡಿಸಿದ್ದು ಹೀಗೆ

ಸಂಸ್ಕರಣೆಯ ನಡುವಿನ ಫೈಲುಗಳು 500 ಜಿಬಿ ಇದ್ದವು. ರಾ ಫೈಲು ಇದ್ದರೆ ಇವನ್ನು ಒಂದು ರಾತ್ರಿ ಕಂಪ್ಯೂಟರ್ ಓಡಿಸಿ ಮತ್ತೆ ಮಾಡಬಹುದು. ಅಳಿಸಬೇಕಾದದ್ದು ಇವು. ಹಳೆಯ ಆವೃತ್ತಿ, ಅರ್ಧಕ್ಕೆ ನಿಂತ ತುಂಡು ಸೇರಿ 600 ಜಿಬಿ ಹೋಯಿತು. ಮೂಲ ಫೋಟೊಗಳು ಮತ್ತು ಕೊನೆಯ ಮಾದರಿಗಳು 1350 ಜಿಬಿ. ಇವು ಡೀಪ್ ಆರ್ಕೈವಿಗೆ. ಸದ್ಯ ಓದುತ್ತಿರುವ ಶಾಸನಗಳ 100 ಜಿಬಿ ಎರಡನೇ ದರ್ಜೆಗೆ. ಜನ ನೋಡುವ ಚಿತ್ರಗಳು 50 ಜಿಬಿ, ಸ್ಟ್ಯಾಂಡರ್ಡ್ ದರ್ಜೆಯಲ್ಲೇ.

ಇಲ್ಲಿ ಎರಡು ಗುಂಡಿಗಳಿವೆ, ಬೀಳಬೇಡಿ.

ಒಂದನೆಯದು ಸಣ್ಣ ಫೈಲುಗಳು. ಡೀಪ್ ಆರ್ಕೈವಿಗೆ ಸಾವಿರ ಫೈಲು ಕಳಿಸಲು 5 ಸೆಂಟು ಶುಲ್ಕ, ಜೊತೆಗೆ ಪ್ರತಿ ಫೈಲಿಗೂ 40 ಕೆಬಿ ಹೆಚ್ಚುವರಿ ಲೆಕ್ಕ ಸೇರುತ್ತದೆ. ಎರಡನೇ ದರ್ಜೆಯಲ್ಲಿ 128 ಕೆಬಿಗಿಂತ ಚಿಕ್ಕ ಫೈಲಿಗೂ 128 ಕೆಬಿಯ ಬಾಡಿಗೆ. 20 ಕೆಬಿಯ ಆರು ಲಕ್ಷ ಚಿತ್ರದ ತುಂಡುಗಳನ್ನು 'ಅಗ್ಗ' ಎಂದು ಅಲ್ಲಿಗೆ ಕಳಿಸಿದರೆ ಖರ್ಚು ಏರುತ್ತದೆ. ಹಾಗಾಗಿ ಒಂದು ಕಲ್ಲಿನ 168 ಫೋಟೊ, ಮಾದರಿ, ಪಾಠ, ಊರು-ದಿನಾಂಕ-ಅಕ್ಷಾಂಶದ ಚೀಟಿ ಎಲ್ಲವನ್ನೂ ಒಂದೇ ಕಟ್ಟಾಗಿ ಕಟ್ಟಿದೆವು. ಓಲೆಗರಿಗಳಿಗೆ ದಾರ ಪೋಣಿಸಿ ಪಟ್ಟಿಗೆ ಇಟ್ಟು ಕಟ್ಟುವ ಹಾಗೆ. ಐವತ್ತು ಸಾವಿರ ಫೈಲು 300 ಕಟ್ಟಾಯಿತು.

ಎರಡನೆಯದು ಹೊರಗೆ ತೆಗೆಯುವ ಖರ್ಚು. ಒಳಗೆ ಹಾಕುವುದು ಅಗ್ಗ. 1350 ಜಿಬಿಯನ್ನೂ ಒಮ್ಮೆಗೇ ಮನೆಗೆ ತರಬೇಕಾದರೆ, ಅಟ್ಟದಿಂದ ಇಳಿಸಲು ಮೂರೂವರೆ ಡಾಲರ್ ಸಾಕು, ಆದರೆ ಬಾಗಿಲು ದಾಟಿಸಲು 112 ಡಾಲರ್. ಒಟ್ಟು ಹತ್ತು ಸಾವಿರ ರೂಪಾಯಿಯ ಹತ್ತಿರ. ಹೀಗಾಗಿ ಕ್ಲೌಡು ಒಂದೇ ಪ್ರತಿ ಆಗಿರಬಾರದು. ನಾವೀಗ ಎರಡು ಹಾರ್ಡ್ ಡಿಸ್ಕು ಇಟ್ಟಿದ್ದೇವೆ, ಒಂದು ಮಣಿಪಾಲದಲ್ಲಿ, ಒಂದು ಕಾರ್ಕಳದಲ್ಲಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು, ಕ್ಯಾಮೆರಾ ಲೆನ್ಸಿಗೇ ಬೂಷ್ಟು ಹಿಡಿಯುತ್ತದೆ. ಬೇಕಾದಾಗ ಮೊದಲು ಡಿಸ್ಕು ನೋಡುವುದು, ಎರಡೂ ಕೈಕೊಟ್ಟರೆ ಮಾತ್ರ ಕ್ಲೌಡು.

ವೇಗದ ವಿಷಯ

ಖರ್ಚು ಇಳಿಸಿದರೆ ನಿಧಾನ ಆಗುತ್ತದೆ ಎಂಬ ಭಯ ಇತ್ತು. ಆದದ್ದು ಉಲ್ಟಾ. ಮೊದಲು ಶಾಸನವೊಂದನ್ನು ತೆರೆದರೆ ಇಡೀ ದೊಡ್ಡ ಚಿತ್ರ ಇಳಿಯಬೇಕಿತ್ತು. ಹಳ್ಳಿಯ ದೇವಸ್ಥಾನದ ಎದುರು ನಿಂತು ಮೊಬೈಲಿನಲ್ಲಿ ತೆರೆದರೆ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಈಗ ಚಿತ್ರವನ್ನು ಹೆಂಚು ಹೊದೆಸಿದ ಹಾಗೆ ಚಿಕ್ಕ ಚೌಕಗಳಾಗಿ ಮೊದಲೇ ಕತ್ತರಿಸಿ ಇಟ್ಟಿದ್ದೇವೆ. ಪೂರ್ತಿ ಕಲ್ಲಿಗೆ ಒಂದು ಮೆಟ್ಟಿಲು, ಸಾಲಿಗೆ ಒಂದು, ಅಕ್ಷರಕ್ಕೆ ಒಂದು. ಓದುಗ ಹನ್ನೆರಡನೇ ಸಾಲಿನ ಒಂದು ಅಕ್ಷರಕ್ಕೆ ಹಿಗ್ಗಿಸಿದರೆ ಆ ಜಾಗದ ಹೆಂಚುಗಳು ಮಾತ್ರ ಬರುತ್ತವೆ. ಜಗತ್ತಿನ ದೊಡ್ಡ ಗ್ರಂಥಾಲಯಗಳು ಹಸ್ತಪ್ರತಿ ತೋರಿಸಲು ಬಳಸುವ ಐಐಐಎಫ್ ಎಂಬ ಪದ್ಧತಿ ಇದೇ. ಕತ್ತರಿಸುವ ಕೆಲಸ ಮೊದಲೇ ಮುಗಿದಿರುವುದರಿಂದ ಹಗಲುರಾತ್ರಿ ಓಡುವ ಯಂತ್ರವೂ, ಅದರ ಡಿಸ್ಕೂ ಬೇಡವಾಯಿತು. ಅಲ್ಲಿಗೆ 50 ಡಾಲರ್ ಉಳಿಯಿತು.

ಚೌಕಗಳನ್ನು ಓದುಗರ ಹತ್ತಿರದ ಊರುಗಳಲ್ಲಿ ತಾತ್ಕಾಲಿಕವಾಗಿ ಇಟ್ಟು ಹಂಚುವ ಜಾಲ ಬೇರೆ ಉಂಟು. ಅದರಲ್ಲಿ ತಿಂಗಳಿಗೆ ಒಂದು ಟಿಬಿವರೆಗೆ ಉಚಿತ, ಹಾಗಾಗಿ 18 ಡಾಲರೂ ಹೋಯಿತು. ಉಡುಪಿಯಿಂದ ವರ್ಜೀನಿಯಾಕ್ಕೆ ಒಂದು ಕೋರಿಕೆ ಹೋಗಿ ಬರಲು ಇನ್ನೂರು ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು, ಮುಂಬೈಗೆ ಅದರ ಸಣ್ಣ ಪಾಲು. ನೂರು ಚೌಕ ಬರಬೇಕಾದಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಜನ ನೋಡುವ ಪ್ರತಿ ಹತ್ತಿರ ಇರಲಿ, ಮೂಲ ಪ್ರತಿ ದೂರದಲ್ಲಿ ಅಗ್ಗವಾಗಿ ಇದ್ದರೂ ಆಗುತ್ತದೆ.

ಸಂವತ್ಸರವೇ ತಾಳೆ

ಇಟ್ಟದ್ದು ಇಟ್ಟ ಹಾಗೇ ಉಳಿದಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ಶಾಸನದಲ್ಲೇ ಉತ್ತರ ಇದೆ.

ಕಾರ್ಕಳದ ಗೊಮ್ಮಟನ ಪ್ರತಿಷ್ಠೆಯ ಶಾಸನವನ್ನು ತೆಗೆದುಕೊಳ್ಳಿ. ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ನಮ್ಮ ಲೆಕ್ಕದಲ್ಲಿ 1432ರ ಫೆಬ್ರವರಿ 13. ಕಾಲ ತಿಳಿಸಲು ಶಕವರ್ಷ ಒಂದೇ ಸಾಕಿತ್ತು, ಆದರೂ ಸಂವತ್ಸರ, ತಿಥಿ, ವಾರ ಎಲ್ಲ ಹೇಳಿದ್ದಾರೆ. ಯಾರಾದರೂ 1353ನ್ನು 1383 ಎಂದು ತಪ್ಪಾಗಿ ನಕಲು ಮಾಡಿದರೆ, ಆ ವರ್ಷ ವಿರೋಧಿಕೃತ್ ಬರುವುದೇ ಇಲ್ಲ, ತಪ್ಪು ಕೂಡಲೇ ಗೊತ್ತಾಗುತ್ತದೆ. ಅಲ್ಲೇ ಹತ್ತಿರದ ಚತುರ್ಮುಖ ಬಸದಿಯ ಶಾಸನಕ್ಕೂ ಇದೇ ಪರೀಕ್ಷೆ ಮಾಡಿ ನೋಡಿ: ಶಕ 1508, ವ್ಯಯ ಸಂವತ್ಸರ, ಅಂದರೆ 1586. ತಾಳೆಯಾಗುತ್ತದೆ. ನಮ್ಮ ೬-೯ರ ಜಗಳ ತೀರಿದ್ದೂ ಹೀಗೆಯೇ.

ಫೈಲಿಗೂ ಹೀಗೊಂದು 'ಸಂವತ್ಸರ' ಹಚ್ಚಬಹುದು. ಶಾ-256 ಎಂಬ ಲೆಕ್ಕ ಹಾಕಿದರೆ ಫೈಲು ಎಷ್ಟೇ ದೊಡ್ಡದಿರಲಿ 64 ಅಕ್ಷರದ ಒಂದು ಗುರುತು ಸಿಗುತ್ತದೆ. ಫೈಲಿನ ಒಂದು ಬಿಟ್ಟು ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. 300 ಕಟ್ಟುಗಳ ಗುರುತುಗಳನ್ನು ಒಂದು ಕಾಗದದಲ್ಲಿ ಮುದ್ರಿಸಿಯೂ ಇಟ್ಟಿದ್ದೇವೆ. ವರ್ಷಕ್ಕೊಮ್ಮೆ ಯುಗಾದಿಗೆ ಎರಡೂ ಡಿಸ್ಕುಗಳನ್ನು ತಾಳೆ ನೋಡುತ್ತೇವೆ.

ಎಣ್ಣೆಯ ಖರ್ಚು

ಹೊಸ ಲೆಕ್ಕ: ಮೂಲ ಪ್ರತಿಗಳು 1.34 ಡಾಲರ್, ಓದುತ್ತಿರುವವು 1.25, ಜನ ನೋಡುವವು 1.15. ಒಟ್ಟು 3.74 ಡಾಲರ್, ತಿಂಗಳಿಗೆ ಸುಮಾರು 320 ರೂಪಾಯಿ. ಒಂದು ಫೋಟೊವೂ ಕಮ್ಮಿಯಾಗಿಲ್ಲ.

ಹತ್ತು ಸಾವಿರ ಉಳಿಯಿತು ಎಂಬುದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಅಮೆಜಾನ್ ತನ್ನ ಎಸ್-3ಗೆ ಹನ್ನೊಂದು ಒಂಬತ್ತುಗಳ ಬಾಳಿಕೆ ಹೇಳುತ್ತದೆ, ಅಂದರೆ 99.999999999 ಶೇಕಡಾ. ಡಿಸ್ಕು ಸುಟ್ಟುಹೋಗುವುದರಿಂದ ಅದು ಕಾಪಾಡುತ್ತದೆ ನಿಜ. ನಾನು ಅಳಿಸುವುದರಿಂದ ಕಾಪಾಡಲಿಲ್ಲ. ನನ್ನ ಕಾರ್ಡಿನ ಅವಧಿ ಮುಗಿಯುವುದರಿಂದ, ನನಗೇ ಏನಾದರೂ ಆಗುವುದರಿಂದ ಕೂಡ ಕಾಪಾಡುವುದಿಲ್ಲ. ಖಾತೆ ಮುಚ್ಚಿ 90 ದಿನ ಕಳೆದರೆ ಒಳಗಿದ್ದದ್ದು ವಾಪಸ್ ಸಿಗುವುದಿಲ್ಲ.

ಶಾಸನ ಹಾಕಿಸಿದವರು ಯೋಚಿಸಿದ್ದು ಈ ಜಾಗದಲ್ಲಿ. ತಿಂಗಳಿಗೆ 10,900 ಎಂದರೆ ವರ್ಷಕ್ಕೆ 1,30,800. ಶೇಕಡಾ 6.5 ಬಡ್ಡಿ ಹಿಡಿದರೆ ಇದಕ್ಕೆ 20 ಲಕ್ಷದ ಠೇವಣಿ ಬೇಕು. ನಮ್ಮಂಥವರಿಂದ ಆಗುವ ಮಾತಲ್ಲ. 320 ಎಂದರೆ ವರ್ಷಕ್ಕೆ 3,840. ಅದಕ್ಕೆ 60,000 ಸಾಕು. ಡಾಲರ್ ಏರುತ್ತದೆ, ದರ ಬದಲಾಗುತ್ತದೆ, ಅದಕ್ಕೆ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳೋಣ. ಆದರೂ ನಾಲ್ಕು ಜನ ಸೇರಿ ಇಡಬಹುದಾದ ಮೊತ್ತ. ಇಟ್ಟೆವು. ಇಬ್ಬರ ಜಂಟಿ ಖಾತೆ, ಪಾಸ್‌ವರ್ಡು ಮುಚ್ಚಿದ ಲಕೋಟೆಯಲ್ಲಿ ಮೂರನೆಯವರ ಮನೆಯಲ್ಲಿ, ಯಾವ ಕಟ್ಟು ಎಲ್ಲಿದೆ ಎಂಬ ಎರಡು ಪುಟದ ಚೀಟಿ ಕನ್ನಡದಲ್ಲಿ. ಖರ್ಚು ಇಳಿಸಿದ್ದರಿಂದ ನಮ್ಮ ಸಂಗ್ರಹಕ್ಕೆ ಒಂದು ದತ್ತಿ ಬಿಡಲು ಸಾಧ್ಯವಾಯಿತು.

ದತ್ತಿಯ ಭಾರವನ್ನೇ ಕಮ್ಮಿ ಮಾಡುವ ಇನ್ನೊಂದು ದಾರಿ, ಕೊಟ್ಟುಬಿಡುವುದು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಡೆಸುತ್ತಿರುವ ಶಾಸನಗಳ ತ್ರಿ-ಡಿ ಡಿಜಿಟಲ್ ಸಂರಕ್ಷಣಾ ಯೋಜನೆ ತನ್ನ ಚಿತ್ರಗಳನ್ನೂ ಮಾದರಿಗಳನ್ನೂ ಸಾರ್ವಜನಿಕರ ಮುಂದಿಟ್ಟಿದೆ. ವಿಕಿಮೀಡಿಯಾ ಕಾಮನ್ಸ್, ಇಂಟರ್ನೆಟ್ ಆರ್ಕೈವ್ ಇವುಗಳಲ್ಲಿ ಇಡಲು ನಮಗೆ ಬಾಡಿಗೆ ಇಲ್ಲ. ಜನ ನೋಡುವ ಪ್ರತಿಗಳನ್ನೂ ಪಾಠಗಳನ್ನೂ ನಾವೀಗ ಒಂದೊಂದಾಗಿ ಕಾಮನ್ಸಿಗೆ ಏರಿಸುತ್ತಿದ್ದೇವೆ. ಹತ್ತು ಕಡೆ ಇದ್ದದ್ದು ಒಬ್ಬನ ಕಾರ್ಡಿನ ಮೇಲೆ ನಿಂತಿರುವುದಿಲ್ಲ.

ಇನ್ನೊಂದು ನೆನಪು ನಮ್ಮ ಉಡುಪಿಯದೇ. ಮಧ್ವಾಚಾರ್ಯರ ಕೃತಿಗಳು, ಸರ್ವಮೂಲ, ಇರುವ ಹಳೆಯ ಓಲೆಗರಿಗಳನ್ನು 2006ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಅವರ ತಂಡ ಇಲ್ಲಿಗೆ ಬಂದು ಚಿತ್ರೀಕರಿಸಿತು. ಡಿಜಿಟಲ್ ಪ್ರತಿಯೊಂದೇ ಸಾಲದು ಎಂದು ಅವರು ಆ ಚಿತ್ರಗಳನ್ನು ಸಿಲಿಕಾನ್ ಬಿಲ್ಲೆಗಳ ಮೇಲೆ ಮೂಡಿಸುವ ಕೆಲಸವನ್ನೂ ಮಾಡಿದರು. ಕಂಪ್ಯೂಟರ್ ಚಿಪ್ಪು ಮಾಡುವ ಅದೇ ಬಿಲ್ಲೆ. ನೀರಿಗೆ, ಬೆಂಕಿಗೆ ಸುಲಭವಾಗಿ ಜಗ್ಗುವುದಿಲ್ಲ. ಬಾಡಿಗೆಯೂ ಇಲ್ಲ, ಪಾಸ್‌ವರ್ಡೂ ಇಲ್ಲ. ತಿರುಗಿ ಬಂದದ್ದು ಕೊರೆದಿಡುವ ಕೆಲಸಕ್ಕೇ.

ನಿಮ್ಮ ಸಂಗ್ರಹ ಇಪ್ಪತ್ತು ಕಲ್ಲುಗಳದ್ದಿದ್ದರೂ ಈ ವಾರ ಒಂದು ಕೆಲಸ ಮಾಡಿ. ಒಂದು ಕಾಗದದಲ್ಲಿ ಬರೆಯಿರಿ: ಮೂಲ ಫೋಟೊ ಎಲ್ಲಿದೆ, ಎರಡನೇ ಪ್ರತಿ ಎಲ್ಲಿದೆ, ಬಾಡಿಗೆ ಯಾರು ಕಟ್ಟುತ್ತಾರೆ, ಅವರ ನಂತರ ಯಾರು. ದಾನ ಮಾಡುವುದಕ್ಕಿಂತ ದಾನವನ್ನು ಪಾಲಿಸುವುದು ಹೆಚ್ಚು ಎಂಬ ಅರ್ಥದ ಮಾತು ಎಷ್ಟೋ ಶಾಸನಗಳ ಕೊನೆಯಲ್ಲಿ ಬರುತ್ತದೆ, ಅದರ ಹಿಂದೆಮುಂದೆ ಶಾಪಾಶಯವೂ ಇರುತ್ತದೆ. ನಮ್ಮ ಎರಡು ಪುಟದ ಚೀಟಿಯ ಕೊನೆಯಲ್ಲಿ ಶಾಪ ಹಾಕಲಿಲ್ಲ. "ಓರೆಬೆಳಕಿನ ಸೆಟ್ಟು ಒಂದೇ ತರ ಕಂಡರೂ ಅಳಿಸಬಾರದು" ಎಂದು ಮಾತ್ರ ಬರೆದಿದ್ದೇನೆ.